ನಾಯಿ ತಟ್ಟುವ ಕೈಪಿಡಿ

ನಮ್ಮೂರಿನ ನಾಯಿಯ ಬಗ್ಗೆ ಕೈಪಿಡಿ ಬರೆದವನು ನಾನೇ. ಬೈಯಬೇಕೆನ್ನುವವರು ಬೇರೆ ಯಾರನ್ನೂ ಹುಡುಕಿಕೊಂಡು ಹೋಗಬೇಕಾಗಿಲ್ಲ. ನೂರಾ ಎಂಟು ಪುಟ, ಏಳು ಅಧ್ಯಾಯ, ಕೊನೆಯಲ್ಲಿ ಒಂದು ಕೋಷ್ಟಕ. ಆ ಕೋಷ್ಟಕದ ದೆಸೆಯಿಂದ ನನ್ನ ಸೋದರತ್ತೆ ಕಲ್ಲವ್ವ ಮೂವತ್ತು ವರ್ಷದ ಕೆಲಸ ಕಳೆದುಕೊಂಡಳು, ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟಳು. ತಾಯಿಯಿಲ್ಲದ ನನ್ನನ್ನು ಮೂರು ವರ್ಷದವನಿದ್ದಾಗಿನಿಂದ ಸಾಕಿದವಳು ಅವಳು. ಒಂದೇ ಮನೆ, ಒಂದೇ ಒಲೆ. ಆದರೆ ನನಗೇನಾದರೂ ಹೇಳುವುದಿದ್ದರೆ ಗೋಡೆಗೆ ಹೇಳುತ್ತಿದ್ದಳು. "ಏ ಗ್ವಾಡಿ, ಸಾರಿಗೆ ಉಪ್ಪ ಕಡಿಮಿ ಆಗಿದ್ರ ಡಬ್ಬಿ ಅಲ್ಲೇ ಐತಿ ನೋಡು." ನಾನೂ ಗೋಡೆಗೇ ಉತ್ತರ ಕೊಡುತ್ತಿದ್ದೆ. ನೂರು ದಿನದ ಮೇಲೆ ಹಾಗೆ ಗೋಡೆಯ ಜೊತೆ ಸಂಸಾರ ಮಾಡಿದ್ದೇವೆ.

ನಾಯಿ ಎಂದರೆ ನಾಲ್ಕು ಕಾಲಿನದಲ್ಲ. ಚೌಕದ ಕಟ್ಟೆಯ ಮೇಲೆ ಎದೆಯೆತ್ತರದ ಕಬ್ಬಿಣದ ಪೆಟ್ಟಿಗೆ ಇದೆ. ದಫ್ತರದ ಕಾಗದಗಳಲ್ಲಿ ಅದಕ್ಕೆ ಕಾವಲು ಗಡಿಯಾರವೆಂದು ಹೆಸರು, ಕಾವಲು ಕಾಯುತ್ತದೆಂದು ಜನರ ಬಾಯಲ್ಲಿ ನಾಯಿ. ಅದರ ಮುಖದ ಮೇಲೆ ಒಂದೇ ಮುಳ್ಳು. ಬೆಳಿಗ್ಗೆ ಸೂರ್ಯ ಹುಟ್ಟುತ್ತಲೇ ಅದು ಮೂವತ್ತರಿಂದ ಹೊರಟು ನಿಮಿಷಕ್ಕೊಂದು ಗೆರೆಯಂತೆ ಇಳಿಯುತ್ತದೆ. ಪೆಟ್ಟಿಗೆಯ ನೆತ್ತಿಯನ್ನು ಅಂಗೈಯಿಂದ ತಟ್ಟಿದರೆ ಮುಳ್ಳು ಮತ್ತೆ ಮೂವತ್ತಕ್ಕೆ ಜಿಗಿಯುತ್ತದೆ. ಐದರ ಗೆರೆಗೆ ಬಂದಾಗ ಒಳಗೊಂದು ಸಣ್ಣ ಗಂಟೆ ಎಚ್ಚರಿಸುತ್ತದೆ. ಆಗಲೂ ಯಾರೂ ತಟ್ಟದೆ ಮುಳ್ಳು ಸೊನ್ನೆ ಮುಟ್ಟಿತೆಂದರೆ ಊರು ಮೊದಲಾಗುತ್ತದೆ. ಸೂರ್ಯ ಮುಳುಗಿದ ಮೇಲೆ ನಾಯಿಯೂ ಮಲಗುತ್ತದೆ, ನಾವೂ ಮಲಗುತ್ತೇವೆ.

ಊರು ಮೊದಲಾಗುವುದೆಂದರೆ ಇಷ್ಟೇ: ಎಲ್ಲಿ ಏನು ಮಾಡುತ್ತಿದ್ದರೂ ಪ್ರತಿಯೊಬ್ಬರೂ ತಂತಮ್ಮ ಮನೆಯ ಹೊಸ್ತಿಲ ಮೇಲೆ ಬಂದು ನಿಂತಿರುತ್ತಾರೆ. ಮುಗಿಸಿದ ಕೆಲಸ ಮುಗಿದಂತೆಯೇ ಉಳಿಯುತ್ತದೆ. ಅರ್ಧಕ್ಕೆ ಬಿಟ್ಟದ್ದು ಶುರುವೇ ಆಗಿರಲಿಲ್ಲವೆಂಬಂತೆ ಆಗಿಬಿಡುತ್ತದೆ. ಅರೆಬೆಂದ ಅನ್ನ ಅಕ್ಕಿಯಾಗಿ ಡಬ್ಬಿ ಸೇರುತ್ತದೆ, ಒಂದು ತೋಳು ಹಚ್ಚಿದ ಕುಪ್ಪಸ ಮತ್ತೆ ಖಣವಾಗಿ ಮಡಚಿಕೊಳ್ಳುತ್ತದೆ. ಹೀಗಾಗಿ ನಮ್ಮೂರಲ್ಲಿ ಯಾರೂ ಉದ್ದದ ಕೆಲಸಕ್ಕೆ ಕೈಹಾಕುತ್ತಿರಲಿಲ್ಲ. ಏನೇ ಮಾಡಿದರೂ ಚಿಕ್ಕದಾಗಿ ಮಾಡಿ, "ಮುಗೀತು" ಎಂದು ಗಟ್ಟಿಯಾಗಿ ಹೇಳಿ ಕೈ ಝಾಡಿಸುವುದು ರೂಢಿ. ದರ್ಜಿ ತೋಳಿಗೊಮ್ಮೆ ಮುಗೀತು ಅನ್ನುತ್ತಿದ್ದ. ಮದುವೆಯಲ್ಲಿ ತಾಳಿಯ ಒಂದೊಂದು ಗಂಟಿಗೂ ಮಂಟಪದ ತುಂಬ ಜನ ಮುಗೀತು ಅಂತ ಕೂಗುತ್ತಿದ್ದರು. ಮೀಸೆ ಎನ್ನುವುದು ಎಂದೂ ಮುಗಿಯುವ ಕೆಲಸವಲ್ಲವಾದ್ದರಿಂದ ಊರಿನ ಗಂಡಸರಲ್ಲಿ ಒಬ್ಬನಿಗೂ ಮೀಸೆ ಇರಲಿಲ್ಲ.

ಕೈಪಿಡಿ ಬರೆಸಬೇಕೆಂದು ತಲೆಗೆ ಹಚ್ಚಿಕೊಂಡವರು ದಫ್ತರದ ಮುಖ್ಯಸ್ಥರಾದ ಜಹಾಗೀರದಾರ ಸಾಹೇಬರು. ನಾಯಿ ತಟ್ಟುವ ಕಲ್ಲವ್ವನಿಗೆ ವಯಸ್ಸಾಯಿತು, ನಾಳೆ ಇನ್ನೊಬ್ಬರು ಬಂದರೆ ಹೇಗೆ ತಟ್ಟಬೇಕೆಂದು ಎಲ್ಲೂ ಬರೆದಿಲ್ಲ ಎನ್ನುವುದು ಅವರ ಚಿಂತೆ. ನನ್ನ ಅಕ್ಷರ ದುಂಡಗಿದೆಯೆಂದು ನನಗೇ ವಹಿಸಿದರು. ನಾನು ಒಂದು ವರ್ಷದ ಮೇಲೆ ಒಂದು ತಿಂಗಳು ಕಟ್ಟೆಯ ಕೆಳಗೆ ಸ್ಟೂಲು ಹಾಕಿಕೊಂಡು ಕುಳಿತೆ, ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಅತ್ತೆಯನ್ನು ನೋಡಿದೆ. ಮುಳ್ಳು ಎಲ್ಲಿದ್ದಾಗ ಏಳುತ್ತಾಳೆ, ಯಾವ ಕೈಯಿಂದ ತಟ್ಟುತ್ತಾಳೆ, ಎಷ್ಟು ಜೋರು, ಎಲ್ಲವನ್ನೂ ಬರೆದೆ. ಬೆಳಗಿನ ಮೊದಲ ತಟ್ಟಿಗೊಂದು ಅಧ್ಯಾಯ, ಎಚ್ಚರಿಕೆಯ ಗಂಟೆಗೊಂದು ಅಧ್ಯಾಯ. ಬರೆಯುವಾಗ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಅತ್ತೆಗೆ ಒಂದು ಚಟವಿತ್ತು. ತಟ್ಟುವ ಮೊದಲು ಹಾದಿಯಲ್ಲಿ ಹೋಗುವ ಇಬ್ಬರು ಮೂವರನ್ನು ತಡೆದು, "ಯಾಕಪಾ, ಮುಂಜಾನಿಂದ ಏನ್ ಮುಗಿಸಿದಿ?" ಎಂದು ಕೇಳುತ್ತಿದ್ದಳು. ಒಬ್ಬ "ಎರಡು ಕೊಡ ನೀರ ತಂದೆ" ಅನ್ನುತ್ತಿದ್ದ, ಇನ್ನೊಬ್ಬಳು "ಮಗಳ ತಲಿ ಹಿಕ್ಕಿದೆ" ಅನ್ನುತ್ತಿದ್ದಳು. ಅತ್ತೆ ಹೂಂಗುಟ್ಟಿ ಹೋಗಿ ತಟ್ಟುತ್ತಿದ್ದಳು. ನಾಲ್ಕನೆಯ ಅಧ್ಯಾಯದಲ್ಲಿ ಇದನ್ನೂ ಒಂದು ಸಾಲು ಬರೆದಿದ್ದೆ. ಸಾಹೇಬರು ಕರಡು ಓದುತ್ತ ಅಲ್ಲಿ ನಿಂತರು.

"ಕೈಪಿಡಿಯೊಳಗ ಹರಟಿ ಯಾಕಪಾ, ನಿಂಗರಾಜ? ತಟ್ಟೋದು ಹ್ಯಾಂಗ ಅಂತ ಬರದ್ರ ಸಾಕು. ಅಕಿ ದಾರ್ಯಾಗ ಹೋಗೋರನ್ನ ಮಾತಾಡ್ಸೋದು ನಮಗ್ಯಾಕ ಬೇಕು? ತಗದ ಹಾಕು."

ತೆಗೆದುಹಾಕಿದೆ. ಒಂದೇ ಸಾಲು, ಕೈ ನೋಯಲೂ ಇಲ್ಲ.

ಆಮೇಲೆ ಕೋಷ್ಟಕ. ಮೂವತ್ತು ವರ್ಷದಲ್ಲಿ ಊರು ಎಷ್ಟು ಸಲ ಮೊದಲಾಗಿದೆ, ಯಾವ ಯಾವ ದಿನ, ಏನು ಕಾರಣ, ಇವು ಮೂರೂ ಇರಬೇಕೆಂದು ಸಾಹೇಬರ ಹಟ. ಒಂದು ಮಧ್ಯಾಹ್ನ ಅತ್ತೆಯನ್ನು ಕೇಳಿದೆ. "ಅತ್ತಿ, ನೀ ಇಲ್ಲೀತನಕಾ ಎಷ್ಟ ಸಲ ತಟ್ಟದ ಬಿಟ್ಟೀದಿ?"

"ನಾಕನೂರಾ ಹನ್ನೆರಡ ಸಲ" ಎಂದಳು. ಮರುಯೋಚನೆಯಿಲ್ಲದೆ ದಿನಗಳನ್ನೂ ಒಂದೊಂದಾಗಿ ಹೇಳಿದಳು. ನಾನು ಬರೆದುಕೊಂಡು ಮಸಿದೌತಿಯ ಮುಚ್ಚಳ ಹಾಕಿದೆ. ಅವಳು ಇನ್ನೂ ನನ್ನ ಮುಖ ನೋಡುತ್ತಲೇ ಇದ್ದಳು. "ಇಷ್ಟ ಏನು ಕೇಳೂದು?" ಅಂದಳು. "ಇಷ್ಟ ಅತ್ತಿ" ಎಂದು ಎದ್ದುಬಂದೆ.

ಕಾರಣದ ಕಾಲಂ ಖಾಲಿ ಉಳಿಯಿತು. ಖಾಲಿ ಕಾಲಂ ಕಂಡರೆ ಸಾಹೇಬರಿಗೆ ಮೈಯೆಲ್ಲ ತುರಿಕೆ. "ತಟ್ಟೋ ಕೆಲಸದಾಕಿ ತಟ್ಟಲಿಲ್ಲ ಅಂದ್ರ ಅದಕ್ಕ ಏನಂತಾರ? ನಿರ್ಲಕ್ಷ್ಯ ಅಂತಾರ. ಬರಿ" ಎಂದರು. ಮೊದಲ ಸಾಲಿನಲ್ಲಿ ನಿರ್ಲಕ್ಷ್ಯ ಎಂದು ದುಂಡಗೆ ಬರೆದು, ಕೆಳಗಿನ ನಾಲ್ಕುನೂರಾ ಹನ್ನೊಂದು ಸಾಲಿಗೂ ಮೇಲಿನಂತೆ, ಮೇಲಿನಂತೆ ಎಂದು ತುಂಬಿಸಿದೆ.

ಕೈಪಿಡಿ ಬಿಡುಗಡೆಯಾದ ದಿನ ಸಾಹೇಬರು ಆ ಕೋಷ್ಟಕವನ್ನು ಚೌಕದಲ್ಲಿ ಗಟ್ಟಿಯಾಗಿ ಓದಿಸಿದರು. ಜನ ಹೌಹಾರಿದರು. ಯಾರದೋ ಅರ್ಧ ಕೊಯ್ದ ಬೆಳೆ, ಯಾರದೋ ಅರ್ಧ ಕಟ್ಟಿದ ಗೋಡೆ, ಎಲ್ಲ ಇವಳ ನಿದ್ದೆಯಿಂದಲೇ ಹಾಳಾಯಿತೆಂದು ಬಾಯಿಗೆ ಬಂದಂತೆ ಅಂದರು. ಅತ್ತೆ ಎದ್ದಳು. ಕಟ್ಟೆಯಿಂದಿಳಿದು, ತಾನು ಕೂರುತ್ತಿದ್ದ ಗೋಣಿತಟ್ಟನ್ನು ಝಾಡಿಸಿ ಕಂಕುಳಲ್ಲಿಟ್ಟುಕೊಂಡು ಮನೆಗೆ ನಡೆದಳು. ಹಾದಿಯಲ್ಲಿ ನಾನು ನಾಲ್ಕು ಸಲ ಅತ್ತಿ ಎಂದು ಕರೆದೆ, ಒಂದಕ್ಕೂ ತಿರುಗಲಿಲ್ಲ.

ಅವಳ ಜಾಗಕ್ಕೆ ಕಟ್ಟಿಗೆಯ ಕೈ ಬಂತು. ಬಡಿಗ ಮೌನೇಶಪ್ಪ ಅತ್ತೆಯ ಅಂಗೈಯ ಅಳತೆಗೇ ಸಾಗುವಾನಿಯಲ್ಲಿ ಕೆತ್ತಿದ. ಪಕ್ಕದಲ್ಲಿ ಹೊಸದಾಗಿ ಕಟ್ಟಿದ ಗೋಪುರದೊಳಗೆ ಒಂದು ಬಂಡೆ ಹಗ್ಗದ ಮೇಲೆ ಕೂದಲೆಳೆಯಷ್ಟೇ ಇಳಿಯುತ್ತಾ ವರ್ಷಕ್ಕೆ ತಳ ಮುಟ್ಟುತ್ತದೆ, ಅದರ ಭಾರದಿಂದ ಕೈ ಹತ್ತು ನಿಮಿಷಕ್ಕೊಮ್ಮೆ ಎದ್ದು ಬಿದ್ದು ನಾಯಿಯನ್ನು ತಟ್ಟುತ್ತದೆ. ಹಗ್ಗದ ಸುತ್ತ ಕಬ್ಬಿಣದ ಕೊಳವೆ, ಗೋಪುರಕ್ಕೆ ಬಾಗಿಲೇ ಇಲ್ಲ. ಅದೂ ನನ್ನದೇ ಪ್ರತಾಪ. ಐದನೆಯ ಅಧ್ಯಾಯದಲ್ಲಿ ನಾನೇ ಬರೆದಿದ್ದೆ: "ಒಮ್ಮೆ ಚಾಲೂ ಆದ ಮೇಲೆ ತಟ್ಟುವಿಕೆಯನ್ನು ನಿಲ್ಲಿಸಲು ಯಾರಿಗೂ ಆಸ್ಪದ ಇರತಕ್ಕದ್ದಲ್ಲ."

ಮೊದಮೊದಲು ಸ್ವರ್ಗವೇ. ತಿಂಗಳು ಕಳೆಯಿತು, ಎರಡು ಕಳೆಯಿತು, ಊರು ಒಮ್ಮೆಯೂ ಮೊದಲಾಗಲಿಲ್ಲ. ಜನ ಹುಮ್ಮಸ್ಸಿನಿಂದ ಉದ್ದುದ್ದ ಕೆಲಸ ಹಿಡಿದರು. ದರ್ಜಿ ಭರಮಣ್ಣ ಹದಿನಾರು ಜೇಬಿನ ಕೋಟು ಶುರುಮಾಡಿದ. ಮೇಲಿನೋಣಿಯವರು ಬಾವಿ ತೋಡತೊಡಗಿದರು. ಸಾಲಿ ಮಾಸ್ತರರು ಒಂದೇ ವಾಕ್ಯದಲ್ಲಿ ತಮ್ಮ ಜೀವನಚರಿತ್ರೆ ಬರೆಯಲು ಕುಳಿತರು. ಗಂಡಸರೆಲ್ಲ ಮೀಸೆ ಬಿಟ್ಟರು. ಸಾಹೇಬರದಂತೂ ತುದಿಗೆ ಎಣ್ಣೆ ಹಚ್ಚಿ ತಿರುವುವಷ್ಟು ಬೆಳೆಯಿತು. ಮುಗೀತು ಅನ್ನುವ ಮಾತನ್ನೇ ಜನ ಮರೆತರು.

ನಮ್ಮೂರವರದು ಇನ್ನೊಂದು ಗುಣವಿದೆ, ಮರ್ಯಾದೆ. ಇನ್ನೊಬ್ಬರನ್ನು ಅವಸರಪಡಿಸುವುದೆಂದರೆ ನಮಗೆ ಕಪಾಳಕ್ಕೆ ಹೊಡೆದಷ್ಟು ಸಂಕೋಚ. ಮೂರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಗಿರಣಿಯ ಇಮಾಮಸಾಬ ಅರ್ಧ ಚೀಲ ಗೋಧಿ ಬೀಸುವಷ್ಟರಲ್ಲಿ ಗಿರಣಿಯ ಪಟ್ಟಿ ಹರಿಯಿತು. ಅದನ್ನು ಹೊಲಿಯುವವನು ಊರಿಗೊಬ್ಬನೇ, ದುರ್ಗಪ್ಪ. ದುರ್ಗಪ್ಪನಿಗೆ ಹೋಟೆಲಿನ ಪೂರಿ ತಿನ್ನದೆ ದಬ್ಬಣ ಹಿಡಿದರೆ ಕೈ ನಡುಗುತ್ತದೆ. ಅವನು ಹೋಟೆಲಿನಲ್ಲಿ ಕುಳಿತು ಪೂರಿ ಹೇಳಿದ. ಹೋಟೆಲಿನ ಅನಂತಯ್ಯನ ಬಳಿ ಹಿಟ್ಟು ತೀರಿತ್ತು. ಅವನು ಗಿರಣಿಯಿಂದ ಬರಲಿ ಎಂದು ಎಣ್ಣೆ ಕಾಯಿಸಿಟ್ಟು ಕುಳಿತ.

ಇಮಾಮಸಾಬ ಪಟ್ಟಿಗಾಗಿ ಕಾದ, ದುರ್ಗಪ್ಪ ಪೂರಿಗಾಗಿ ಕಾದ, ಅನಂತಯ್ಯ ಹಿಟ್ಟಿಗಾಗಿ ಕಾದ. ಒಬ್ಬನೂ ಇನ್ನೊಬ್ಬನಿಗೆ ತಡವಾಯಿತೆಂದು ಹೇಳಲಿಲ್ಲ. ಎರಡನೆಯ ದಿನ ನಾನು ದುರ್ಗಪ್ಪನಿಗೆ ಮನೆಯಿಂದ ರೊಟ್ಟಿ ಒಯ್ದು ಕೊಟ್ಟೆ. ಅವನು ಕಿವಿ ಮುಟ್ಟಿಕೊಂಡ. "ಛೇ ಛೇ, ಅನಂತಯ್ಯಗ ಪೂರಿ ಹೇಳೇನ್ರಿ. ಈಗ ರೊಟ್ಟಿ ತಿಂದ್ರ ಅವರ ಮನಸಿಗೆ ಬ್ಯಾಸರ ಆಗೂದಿಲ್ಲೇನ್ರಿ? ಬರ್ತೈತಿ, ಏನ್ ಅವಸರ?"

ನಾಲ್ಕನೆಯ ದಿನದ ಹೊತ್ತಿಗೆ ಅವರ ಹಿಂದೆ ಊರಿಡೀ ನಿಂತಿತ್ತು. ಹಿಟ್ಟಿಗಾಗಿ ಗಿರಣಿಯ ಮುಂದೆ ಕ್ಯೂ. ಕ್ಯೂನಲ್ಲಿ ದರ್ಜಿಯಿದ್ದ, ಅವನ ಅಂಗಡಿಯ ಮುಂದೆ ಬಟ್ಟೆಗಾಗಿ ಕ್ಯೂ. ಆ ಕ್ಯೂನಲ್ಲಿ ಮಾಸ್ತರರು ಇದ್ದರು, ಸಾಲಿಯಲ್ಲಿ ಮಕ್ಕಳು ಕೈಕಟ್ಟಿ ಕುಳಿತಿದ್ದವು. ಸಂಜೆ ಎಲ್ಲರೂ ಮನೆಗೆ ಹೋಗಿ ಮಲಗಿ, ಬೆಳಿಗ್ಗೆ ಬಂದು ಬಿಟ್ಟ ಜಾಗದಲ್ಲೇ ನಿಲ್ಲುತ್ತಿದ್ದರು. ಒಬ್ಬರ ಹಿಂದೊಬ್ಬರು ನಗುನಗುತ್ತಾ, "ಆಗ್ತೈತ್ರಿ, ಆಗ್ತೈತಿ" ಎನ್ನುತ್ತಿದ್ದರು. ಚೌಕದಲ್ಲಿ ಕಟ್ಟಿಗೆಯ ಕೈ ಹತ್ತು ನಿಮಿಷಕ್ಕೊಮ್ಮೆ ಟಪ್ ಎಂದು ತಟ್ಟುತ್ತಲೇ ಇತ್ತು. ಮುಳ್ಳು ಇಪ್ಪತ್ತರ ಕೆಳಗೆ ಇಳಿದದ್ದೇ ಇಲ್ಲ.

ಆರನೆಯ ದಿನ ದಫ್ತರಕ್ಕೆ ಹೋದೆ. "ಸಾಹೇಬ್ರ, ಊರ ನಿಂತೈತ್ರಿ" ಅಂದೆ.

ಸಾಹೇಬರು ಮೀಸೆ ತೀಡುತ್ತಾ ಕೈಪಿಡಿ ತೆಗೆದು ಎರಡನೆಯ ಅಧ್ಯಾಯವನ್ನು ನನ್ನ ಮೂಗಿನ ಕೆಳಗೆ ಹಿಡಿದರು. "ಓದು. ನಿನ್ನ ಅಕ್ಷರನ ಅದ."

ಓದಿದೆ. "ಮುಳ್ಳು ಹತ್ತರ ಮೇಲಿದ್ದರೆ ಊರು ಸುಸ್ಥಿತಿಯಲ್ಲಿದೆಯೆಂದು ತಿಳಿಯತಕ್ಕದ್ದು."

"ಮುಳ್ಳು ಎಲ್ಲಿ ಅದ?"

"ಇಪ್ಪತ್ತೈದರ ಮ್ಯಾಲ ಐತ್ರಿ."

"ಮತ್ತ? ಊರು ಭೇಷ್ ಅದ. ಹೊರಗ ನಿಂತವರ್ನ ಕೇಳು ಹೋಗು, ಯಾರರ ತಕರಾರ ಮಾಡ್ಯಾರೇನು?"

ಕೇಳಿದೆ. ಒಬ್ಬರೂ ತಕರಾರು ಮಾಡಲಿಲ್ಲ. ಕ್ಯೂನಲ್ಲಿ ನಿಂತವರೆಲ್ಲ ಕಟ್ಟೆಯ ಕಡೆ ಬೊಟ್ಟು ಮಾಡಿ, ಮುಳ್ಳು ಚೆನ್ನಾಗಿದೆಯಲ್ಲ ಎಂದರು. ಕೆಲವರು ಕೈಪಿಡಿಯ ಸಾಲನ್ನೇ ಬಾಯಿಪಾಠ ಒಪ್ಪಿಸಿದರು. ನಾನು ಬರೆದದ್ದನ್ನು ಇಷ್ಟು ಜನ ಓದಿದ್ದಾರೆಂದು ತಿಳಿದು ನನಗೆ ಅಳು ಬರುವಂತಾಯಿತು.

ಒಂಬತ್ತನೆಯ ದಿನದ ಬೆಳಿಗ್ಗೆ ನಮ್ಮ ಮನೆಯ ಹಿಟ್ಟಿನ ಡಬ್ಬಿಯ ತಳ ಕಂಡಿತು. ಅತ್ತೆ ಅದನ್ನು ಬೋರಲು ಹಾಕಿ ಬಡಿದು, ಇದ್ದಷ್ಟರಲ್ಲಿ ಒಂದೇ ರೊಟ್ಟಿ ಮಾಡಿದಳು. ಅದನ್ನು ನನ್ನ ತಾಟಿಗೆ ಹಾಕಿ ತಾನು ಒಂದು ಲೋಟ ಮಜ್ಜಿಗೆ ಹಿಡಿದು ಗೋಡೆಯ ಕಡೆ ತಿರುಗಿ ಕುಳಿತಳು. ನಾನು ರೊಟ್ಟಿ ಮುರಿದು ಅರ್ಧ ಅವಳ ಮುಂದೆ ಇಟ್ಟೆ. ಅವಳು ಅದನ್ನು ಮತ್ತೆ ನನ್ನ ತಾಟಿಗೆ ಸರಿಸಿದಳು. "ಏ ಗ್ವಾಡಿ, ನನಗ ಹಸಿವಿಲ್ಲಂತ ಹೇಳು." ಮೂವತ್ತು ವರ್ಷ ಈ ಊರಿನ ನೆತ್ತಿ ಕಾಯ್ದವಳು, ನನ್ನ ಹೊಟ್ಟೆ ಕಾಯ್ದವಳು, ನನ್ನ ದುಂಡು ಅಕ್ಷರದಿಂದ ಹೀಗೆ ಮೂಲೆ ಸೇರಿದ್ದಳು. ರೊಟ್ಟಿಯನ್ನು ತಾಟಿನಲ್ಲೇ ಮುಚ್ಚಿಟ್ಟೆ. ಅವಳು ಹಾದಿಹೋಕರನ್ನು ತಡೆದು ಕೇಳುತ್ತಿದ್ದ ಮಾತು ಆಗ ನೆನಪಾಯಿತು, ಅದು ಹರಟೆಯಲ್ಲ, ಊರು ನಡೆದಿದೆಯೋ ನಿಂತಿದೆಯೋ ಎಂದು ನೋಡುವ ಬಗೆಯೆಂದು ಆಗ ತಿಳಿಯಿತು. ತಿಳಿಯುವುದಕ್ಕೆ ಹಿಟ್ಟು ತೀರಬೇಕಾಯಿತು.

ಎದ್ದು ಚೌಕಕ್ಕೆ ಹೋದೆ. ಎದುರಿಗೆ ಸಿಕ್ಕ ಮೂವರನ್ನು ಕೇಳಿದೆ, ಮುಂಜಾನಿಂದ ಏನ್ ಮುಗಿಸಿದ್ರಿ ಎಂದು. ಮೂವರೂ "ಕಾಯಾಕತ್ತೀವ್ರಿ" ಎಂದರು. ಕಟ್ಟೆ ಹತ್ತಿ, ಕಟ್ಟಿಗೆಯ ಕೈಗೂ ನಾಯಿಗೂ ನಡುವೆ ನುಸುಳಿ, ಪೆಟ್ಟಿಗೆಯ ನೆತ್ತಿಯನ್ನು ತಬ್ಬಿಕೊಂಡು ಬೋರಲು ಬಿದ್ದೆ. ಆಗಷ್ಟೇ ಕೈ ತಟ್ಟಿ ಮೇಲೆ ಹೋಗಿತ್ತು. ಪೂರ್ತಿ ಮೂವತ್ತು ನಿಮಿಷ ಹಾಗೇ ಇರಬೇಕಿತ್ತು.

ಹತ್ತು ನಿಮಿಷಕ್ಕೆ ಕೈ ಇಳಿದು ನನ್ನ ಬೆನ್ನಿಗೆ ಟಪ್ ಎಂದು ತಟ್ಟಿತು. ನೋಯಲಿಲ್ಲ. ಜ್ವರ ಬಂದಾಗ ಮಲಗಿಸಲು ಅತ್ತೆ ತಟ್ಟುತ್ತಿದ್ದದ್ದು ಇದೇ ಅಂಗೈಯಗಲ, ಇದೇ ಭಾರ. ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಯಾರೋ ಮುಳ್ಳನ್ನು ನೋಡಿ ಬೊಬ್ಬೆ ಹೊಡೆದರು. ಒಂಬತ್ತು ದಿನ ಮಿಸುಕದ ಜನ ಒಮ್ಮೆಲೇ ಕಟ್ಟೆಯ ಸುತ್ತ ನೆರೆದರು.

"ಏ ನಿಂಗರಾಜ, ಏಳೋ ಮಾರಾಯಾ! ನನ್ನ ಕೋಟ, ಹದಿನೈದ ಜೇಬ ಆಗ್ಯಾವು!" ದರ್ಜಿ ಭರಮಣ್ಣ ಗೋಗರೆದ.

"ಬಾವಿ ಮೂರಾಳ ಆಳ ಆಗೈತಿ, ಮುಚ್ಚಿ ಹೋಗ್ತೈತಲೋ!" ಮೇಲಿನೋಣಿಯವರು ಕೂಗಿದರು. ಸಾಹೇಬರು ಒಂದು ಕೈಯಿಂದ ಮೀಸೆ ಮುಚ್ಚಿಕೊಂಡು ಇನ್ನೊಂದರಲ್ಲಿ ಕೈಪಿಡಿ ಹಿಡಿದು ಐದನೆಯ ಅಧ್ಯಾಯವನ್ನು ಏರುದನಿಯಲ್ಲಿ ಓದತೊಡಗಿದರು. ನನ್ನನ್ನು ಎಳೆದುಹಾಕುವುದು ಎರಡು ನಿಮಿಷದ ಕೆಲಸ. ಆದರೆ ಕಟ್ಟೆಯ ಮೆಟ್ಟಿಲು ಒಬ್ಬರೇ ಹತ್ತುವಷ್ಟು ಅಗಲ. ಅದರ ಬುಡದಲ್ಲಿ ಇಮಾಮಸಾಬ ದುರ್ಗಪ್ಪನಿಗೆ, "ನೀವು ಮೊದಲ ಹತ್ರಿ" ಅಂದ. ದುರ್ಗಪ್ಪ ಅನಂತಯ್ಯನಿಗೆ, "ನೀವ ದೊಡ್ಡವರು, ನೀವ ಹತ್ರಿ" ಅಂದ. ಅನಂತಯ್ಯ ಇಮಾಮಸಾಬನಿಗೆ ಕೈಮುಗಿದ. ಎರಡನೆಯ ತಟ್ಟು ಬಿತ್ತು. ಎಚ್ಚರಿಕೆಯ ಗಂಟೆ ನನ್ನ ಎದೆಗೂಡಿನ ಕೆಳಗೆ ಕಿಣಿಕಿಣಿ ಎಂದಿತು. ಅವರು ಇನ್ನೂ ಒಬ್ಬರಿಗೊಬ್ಬರು ದಾರಿ ಬಿಡುತ್ತಲೇ ಇದ್ದರು.

ಮುಳ್ಳು ಸೊನ್ನೆ ಮುಟ್ಟಿತು.

ಹೊಸ್ತಿಲ ಮೇಲೆ ನಿಂತಿದ್ದೆ. ನಮ್ಮದು ಒಂದೇ ಮನೆಯಾದ್ದರಿಂದ ಅತ್ತೆಯೂ ಅದೇ ಹೊಸ್ತಿಲ ಮೇಲೆ ನನ್ನ ಭುಜಕ್ಕೆ ಭುಜ ತಾಗಿ ನಿಂತಿದ್ದಳು. ಇಮಾಮಸಾಬನ ಮನೆ ಗಿರಣಿಗೆ ತಾಗಿಯೇ ಇದೆ, ಅತ್ತ ಕಡೆಯಿಂದ ಆಗಲೇ ಗಡಗಡ ಸದ್ದು ಕೇಳಿಸಿತು. ಅರ್ಧ ಚೀಲದ ಬೀಸು ಆಗಿಯೇ ಇರಲಿಲ್ಲವಾದ್ದರಿಂದ ಪಟ್ಟಿಯೂ ಹರಿದಿರಲಿಲ್ಲ. ವರ್ಷದ ಕೆಲಸ ಮುಗಿಸದ ಬಂಡೆ ಹಗ್ಗ ಕಟ್ಟುವ ಮೊದಲಿನ ಹಾಗೆ ಗೋಪುರದ ಹೊರಗೆ ಬಿದ್ದಿದೆಯೆಂದೂ, ಸಾಹೇಬರ ತುಟಿ ನುಣ್ಣಗಾಗಿದೆಯೆಂದೂ ಆಮೇಲೆ ತಿಳಿಯಿತು. ನನ್ನ ಕೈಪಿಡಿ ಮಾತ್ರ ಮುಗಿದ ಕೆಲಸವಾದ್ದರಿಂದ ಒಂದಕ್ಷರವೂ ಅಳಿಸಿರಲಿಲ್ಲ.

"ಯಾರ ತಟ್ಟಲಿಲ್ಲಾ?" ಅತ್ತೆ ಕೇಳಿದಳು. ಗೋಡೆಯನ್ನಲ್ಲ, ನನ್ನನ್ನು.

"ನಾನ ಅಡ್ಡ ಬಿದ್ದಿದ್ದೆ ಅತ್ತಿ."

"ಯಾಕ?"

ಹದಿಮೂರು ತಿಂಗಳು ಅವಳೆದುರು ಸ್ಟೂಲು ಹಾಕಿಕೊಂಡು ಕುಳಿತ ನನಗೆ ಈ ಒಂದು ಮಾತು ಕೇಳಲು ಹೊಳೆದಿರಲಿಲ್ಲ. "ಯಾರೂ ಏನೂ ಮುಗಿಸಿರಲಿಲ್ಲ ಅತ್ತಿ, ಒಂಬತ್ತ ದಿನಾ ಆಗಿತ್ತು" ಅಂದೆ. "ನೀ ಯಾಕ ಬಿಡತಿದ್ದಿ ಅಂತ ನಾ ಕೇಳ್ಲೇ ಇಲ್ಲ. ತಪ್ಪಾತು."

ಅತ್ತೆ ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿ ಬೀದಿಗಿಳಿದಳು. "ಬಾ. ಆ ಕಟ್ಟಿಗಿ ಕೈದೂ ಅರ್ಧ ಕೆಲಸನ, ಅಲ್ಲೆ ತಟ್ಟಾಕ ಈಗ ಯಾರೂ ಇಲ್ಲ. ಹೋಗ್ತ ಹೋಗ್ತ ಹೇಳತೀನಿ."

ನಾನು ಕಾಗದ ಪೆನ್ನು ಏನೂ ತೆಗೆದುಕೊಳ್ಳದೆ ಅವಳ ಹಿಂದೆ ಓಡಿದೆ.

"ಮೊದಲನೇ ಸಲ ಬಿಟ್ಟಾಗ ನಾ ಕೆಲಸಕ್ಕ ಸೇರಿ ನಾಕ ದಿನಾ ಆಗಿತ್ತು" ಎಂದಳು, ತಿರುಗಿ ನೋಡದೆ. "ಮುಳ್ಳು ಒಂದ ಗೆರಿ ಉಳದಿತ್ತು, ಕೈ ಎತ್ತಿದ್ದೆ. ನೋಡ್ತೀನಿ, ಚೌಕದ ಬಾವ್ಯಾಗ ಒಂದ ಕೂಸು ಹಗ್ಗ ಹಿಡಕೊಂಡು ಜೋತ ಬಿದ್ದೈತಿ. ಕೈ ಜಾರಾಕತ್ತಿತ್ತು. ಓಡಿದ್ರ ಮುಟ್ಟತಿದ್ದಿಲ್ಲ. ಎತ್ತಿದ ಕೈ ತಟ್ಟದ ಹಂಗ ಹಿಡದ ನಿಂತೆ ನೋಡು, ಒಂದ ನಿಮಿಷ. ಅಷ್ಟ ದೊಡ್ಡ ನಿಮಿಷ ನಾ ಮತ್ತ ನೋಡಿಲ್ಲ."

"ಯಾರ ಕೂಸು ಅತ್ತಿ ಅದು?"

ಅವಳು ನಿಂತು, ತಿರುಗಿ, ಇಷ್ಟು ದಿನದ ಮೇಲೆ ಮೊದಲ ಸಲ ನನ್ನ ತಲೆಯ ಮೇಲೆ ಕೈಯಿಟ್ಟಳು. "ಹೊಸ್ತಲಾ ಮ್ಯಾಲ ಬಂದ ನಿಂತು ಅಳಾಕತ್ತಿದ್ದಿ. ಅಂಗೈ ನೋಡಿದೆ, ಹಗ್ಗದ ಗಾಯಾನೂ ಇರಲಿಲ್ಲ" ಎಂದಳು.